‘ಆಮೇಲೆ ನೆನಪಿಸು’ ಒತ್ತುವ ಮುನ್ನ

ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಒಂದು ಸೂಚನೆ ಚೆನ್ನಾಗಿ ಪರಿಚಯ. ಮಗಳು ನಾಳೆಯ ಸೆಮಿನಾರಿಗೆ ಟಿಪ್ಪಣಿ ಬರೆಯುತ್ತಿರುತ್ತಾಳೆ, ಇಲ್ಲವೇ ತಂದೆ ಕರೆಂಟ್ ಬಿಲ್ಲು ಕಟ್ಟುತ್ತಿರುತ್ತಾರೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಸಣ್ಣ ಚೌಕವೊಂದು ಮೂಡಿ, ‘ಅಪ್‌ಡೇಟ್ ಸಿದ್ಧವಿದೆ, ಈಗಲೇ ರೀಸ್ಟಾರ್ಟ್ ಮಾಡಲೇ, ಆಮೇಲೆ ನೆನಪಿಸಲೇ?’ ಎಂದು ಕೇಳುತ್ತದೆ. ನಮ್ಮಲ್ಲಿ ಹೆಚ್ಚಿನವರ ಬೆರಳು ತಾನಾಗಿಯೇ ‘ಆಮೇಲೆ’ ಎಂಬಲ್ಲಿಗೆ ಹೋಗುತ್ತದೆ. ನಾಳೆಯೂ ಅದೇ, ನಾಡಿದ್ದೂ ಅದೇ.

ಈ ವಿಷಯವಾಗಿ ಪಾಲಕರು ನನ್ನನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ‘ಮೇಷ್ಟ್ರೇ, ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆಯಲ್ಲ, ಅಪ್‌ಡೇಟ್ ಯಾಕೆ ಬೇಕು?’ ‘ಅದನ್ನು ಹಾಕಿಕೊಂಡರೆ ಮಷೀನು ನಿಧಾನವಾಗುತ್ತದಂತೆ, ಹೌದೆ?’ ‘ಜೋಡಿಸಿಕೊಟ್ಟ ಅಂಗಡಿಯ ಹುಡುಗ ಅಪ್‌ಡೇಟನ್ನು ಬಂದ್ ಮಾಡಿಯೇ ಕೊಟ್ಟಿದ್ದಾನೆ, ಹಾಗೇ ಇರಲಿ ಬಿಡಿ ಅಂದ. ಇರಬಹುದೆ?’ ಮೂರೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹೇಳುವ ಮೊದಲು ಅಪ್‌ಡೇಟ್ ಎಂಬುದು ಏನನ್ನು ರಿಪೇರಿ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್ ಆದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಅರ್ಜಿಯ ಚೌಕಗಳು

ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಿಭಾಯಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಶಾಲೆಗೆ ಹೋಲಿಸುವುದಾದರೆ ಅದು ಶಾಲೆಯ ಕಛೇರಿ ಇದ್ದಂತೆ. ಯಾವ ಕೊಠಡಿಯ ಬೀಗದ ಕೈಯನ್ನು ಯಾರಿಗೆ ಕೊಡಬೇಕು, ಯಾವ ದಾಖಲೆಯನ್ನು ಯಾರು ನೋಡಬಹುದು, ಗಂಟೆ ಯಾವಾಗ ಹೊಡೆಯಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ವಿಂಡೋಸಿನಂಥ ವ್ಯವಸ್ಥೆಯಲ್ಲಿ ಕೋಟಿಗಟ್ಟಲೆ ಸಾಲುಗಳ ಆದೇಶಗಳಿವೆ. ಬರೆದವರು ಮನುಷ್ಯರೇ. ಅಷ್ಟು ಸಾಲುಗಳಲ್ಲಿ ಒಂದೂ ತಪ್ಪಿಲ್ಲದೆ ಬರೆಯುವುದು ಯಾರಿಂದಲೂ ಆಗದ ಕೆಲಸ.

ತಪ್ಪುಗಳಲ್ಲಿ ಎರಡು ಬಗೆ. ಮೊದಲನೆಯದು ಕೆಲಸ ಕೆಡಿಸುವ ತಪ್ಪು. ಪ್ರಿಂಟರು ಓಡುವುದಿಲ್ಲ, ಧ್ವನಿ ಬರುವುದಿಲ್ಲ, ಹೀಗೆ. ಇದು ನಮ್ಮ ಕಣ್ಣಿಗೆ ಬೀಳುತ್ತದೆ. ಎರಡನೆಯದು ಕೆಲಸವನ್ನೇನೂ ಕೆಡಿಸದೆ ಸುಮ್ಮನೆ ಕುಳಿತಿರುವ ತಪ್ಪು. ಆದರೆ ಗೊತ್ತಿದ್ದವನಿಗೆ ಅದು ಒಳಕ್ಕೆ ಬರುವ ಕಿಂಡಿ. ಭದ್ರತೆಯ ಅಪ್‌ಡೇಟ್ ಮುಚ್ಚುವುದು ಈ ಎರಡನೆಯ ಬಗೆಯ ತಪ್ಪನ್ನು. ‘ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆಯಲ್ಲ’ ಎಂಬ ಮಾತು ಇಲ್ಲಿ ಉಪಯೋಗಕ್ಕೆ ಬಾರದಿರುವುದು ಇದೇ ಕಾರಣಕ್ಕೆ. ಹಿತ್ತಿಲ ಬಾಗಿಲಿನ ಚಿಲಕ ಸಡಿಲವಾಗಿದ್ದರೂ ಅಡುಗೆಮನೆಯಲ್ಲಿ ಅಡುಗೆ ಚೆನ್ನಾಗಿಯೇ ನಡೆಯುತ್ತದೆ.

ಇಂಥ ಕಿಂಡಿ ಹೇಗಿರುತ್ತದೆ? ಪ್ರವೇಶದ ಅರ್ಜಿಯನ್ನು ನೆನಪಿಸಿಕೊಳ್ಳಿ. ಹೆಸರು ಬರೆಯಲು ಇಪ್ಪತ್ತು ಚೌಕಗಳಿವೆ. ಅದರ ಪಕ್ಕದಲ್ಲೇ ‘ಕಛೇರಿಯ ಉಪಯೋಗಕ್ಕೆ ಮಾತ್ರ’ ಎಂಬ ಅಂಕಣ. ಒಬ್ಬ ತುಂಟ ಹುಡುಗ ಹೆಸರಿನ ಜಾಗದಿಂದ ಆರಂಭಿಸಿ ನಲವತ್ತು ಅಕ್ಷರ ಬರೆಯುತ್ತಾನೆ. ಮೊದಲ ಇಪ್ಪತ್ತು ಚೌಕಗಳಲ್ಲಿ ಕುಳಿತವು. ಉಳಿದವು ಗೆರೆ ದಾಟಿ ಕಛೇರಿಯ ಅಂಕಣಕ್ಕೆ ಹೋದವು. ಅಲ್ಲಿ ಅವನು ಬರೆದದ್ದು ‘ಶುಲ್ಕ ಮನ್ನಾ, ಪ್ರವೇಶ ಕೊಡಿ’ ಎಂದು! ಗುಮಾಸ್ತರು ಮನುಷ್ಯರಾದ್ದರಿಂದ ಕೈಬರಹ ನೋಡಿ ನಕ್ಕು ಹುಡುಗನನ್ನು ಹೊರಗೆ ಕಳುಹಿಸುತ್ತಾರೆ. ಕಂಪ್ಯೂಟರಿಗೆ ಆ ವಿವೇಚನೆ ಇಲ್ಲ. ಆ ಅಂಕಣದಲ್ಲಿ ಏನಿದೆಯೋ ಅದು ಕಛೇರಿಯ ಆಜ್ಞೆ ಎಂದೇ ಅದು ನಂಬುತ್ತದೆ, ಹಾಗೆಯೇ ನಡೆಯುತ್ತದೆ. ಕೊಟ್ಟ ಜಾಗ ತುಂಬಿ ಪಕ್ಕದ ಜಾಗಕ್ಕೆ ಹರಿಯುವ ಈ ತಪ್ಪಿಗೆ ಬಫರ್ ಓವರ್‌ಫ್ಲೋ ಎನ್ನುತ್ತಾರೆ. ಅನೇಕ ದೊಡ್ಡ ದಾಳಿಗಳ ಬುಡದಲ್ಲಿ ಇದ್ದದ್ದು ಇದೇ. ರಿಪೇರಿ ಮಾತ್ರ ತೀರ ಚಿಕ್ಕದಾಗಿರಬಹುದು: ‘ಇಪ್ಪತ್ತು ಅಕ್ಷರಕ್ಕಿಂತ ಹೆಚ್ಚಿದ್ದರೆ ಅರ್ಜಿ ತೆಗೆದುಕೊಳ್ಳಬೇಡ’ ಎಂಬ ಒಂದು ತಪಾಸಣೆ. ಆ ಒಂದು ತಪಾಸಣೆಯನ್ನು ನಿಮ್ಮ ಮನೆಯ ಕಂಪ್ಯೂಟರಿಗೆ ತಲುಪಿಸುವುದೇ ಅಪ್‌ಡೇಟ್.

ರಿಪೇರಿಯೇ ಕೊಡುವ ಸುಳಿವು

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು.

ಅಪ್‌ಡೇಟ್ ಬಂದಾಗ ಅದು ನಿಮ್ಮೊಬ್ಬರಿಗೇ ಗುಟ್ಟಾಗಿ ಬರುವುದಿಲ್ಲ. ಇಡೀ ಪ್ರಪಂಚಕ್ಕೆ ಒಟ್ಟಿಗೆ ಬರುತ್ತದೆ, ಕಳ್ಳನಿಗೂ ಬರುತ್ತದೆ. ಪಠ್ಯಪುಸ್ತಕದ ಹಳೆಯ ಮುದ್ರಣವನ್ನೂ ತಿದ್ದಿದ ಮುದ್ರಣವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದರೆ ಹಳೆಯದರಲ್ಲಿ ತಪ್ಪು ಎಲ್ಲಿತ್ತು ಎಂಬುದು ತಾನಾಗಿಯೇ ಗೊತ್ತಾಗುತ್ತದಲ್ಲವೆ? ತಿಳಿದವರು ಅಪ್‌ಡೇಟಿಗೆ ಮುಂಚಿನ ಕಡತವನ್ನೂ ಅನಂತರದ ಕಡತವನ್ನೂ ಹಾಗೆಯೇ ಹೋಲಿಸುತ್ತಾರೆ. ಎಲ್ಲಿ ಹೊಸದಾಗಿ ತಪಾಸಣೆ ಸೇರಿದೆಯೋ ಅಲ್ಲಿಯೇ ಹಳೆಯ ಕಿಂಡಿ. ಅಂದರೆ ರಿಪೇರಿ ಹೊರಬಿದ್ದ ದಿನದಿಂದ, ಅದನ್ನು ಹಾಕಿಕೊಂಡವರ ಮನೆ ಭದ್ರವಾಗುತ್ತದೆ. ಹಾಕಿಕೊಳ್ಳದವರ ಮನೆಯ ಕಿಂಡಿ ಊರಿಗೆಲ್ಲ ಗೊತ್ತಾಗುತ್ತದೆ. ‘ಆಮೇಲೆ’ ಎಂದ ಮಾತ್ರಕ್ಕೆ ನಾವು ನಿನ್ನೆಯ ಸ್ಥಿತಿಯಲ್ಲೇ ಉಳಿಯುವುದಿಲ್ಲ. ನಿನ್ನೆಗಿಂತ ಹೆಚ್ಚಿನ ಅಪಾಯಕ್ಕೆ ಜಾರುತ್ತೇವೆ.

ಇದು ಊಹೆಯ ಮಾತಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2003ರ ಜುಲೈ 16ರಂದು ವಿಂಡೋಸ್ 2000, ಎಕ್ಸ್‌ಪಿ ಮುಂತಾದವುಗಳ ಒಂದು ಕಿಂಡಿಗೆ ರಿಪೇರಿ ಬಿಡುಗಡೆ ಮಾಡಿತು. ಚೀನಾದ ಎಕ್ಸ್‌ಫೋಕಸ್ ಎಂಬ ಗುಂಪಿನವರು ಆ ರಿಪೇರಿಯನ್ನು ಬಿಡಿಸಿ ನೋಡಿ ಕಿಂಡಿಯನ್ನು ಬಳಸುವ ಬಗೆಯನ್ನು ಪ್ರಕಟಿಸಿದರು. ಆಗಸ್ಟ್ 11ರಂದು, ಅಂದರೆ ಕೇವಲ 26 ದಿನಗಳಲ್ಲಿ, ಬ್ಲಾಸ್ಟರ್ ಎಂಬ ಹುಳು ತಂತ್ರಾಂಶ ಹೊರಬಿತ್ತು. ಅದಕ್ಕೆ ನೀವು ಯಾವ ಕಡತವನ್ನೂ ತೆರೆಯಬೇಕಾಗಿರಲಿಲ್ಲ. ಇಂಟರ್ನೆಟ್ಟಿಗೆ ಸೇರಿಸಿದ್ದರೆ ಸಾಕು, ತಾನಾಗಿ ಬರುತ್ತಿತ್ತು. 60 ಸೆಕೆಂಡುಗಳ ಎಣಿಕೆ ತೋರಿಸಿ ಕಂಪ್ಯೂಟರ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಸೋಂಕು ತಗುಲಿದ ಕಂಪ್ಯೂಟರುಗಳೆಲ್ಲ ಸೇರಿ ಆಗಸ್ಟ್ 16ರಿಂದ ವಿಂಡೋಸ್ ಅಪ್‌ಡೇಟ್ ತಾಣದ ಮೇಲೆಯೇ ಮುಗಿಬೀಳುವಂತೆ ಅದನ್ನು ಬರೆಯಲಾಗಿತ್ತು. ರೋಗವೇ ಔಷಧದ ಅಂಗಡಿಗೆ ಬೀಗ ಹಾಕಲು ಹೊರಟಂತೆ!

ಅದೇ ವರ್ಷದ ಜನವರಿ 25ರಂದು ಸ್ಲ್ಯಾಮರ್ ಎಂಬ ಇನ್ನೊಂದು ಹುಳು ಬಂದಿತ್ತು. ಅದರ ಒಟ್ಟು ಗಾತ್ರ 376 ಬೈಟು. ನೀವು ಓದುತ್ತಿರುವ ಈ ಪ್ಯಾರಾಕ್ಕಿಂತ ಚಿಕ್ಕದು. ಆರಂಭದಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ಅದರ ಸಂಖ್ಯೆ ಎರಡರಷ್ಟಾಗುತ್ತಿತ್ತು. ಗುಣೋತ್ತರ ಶ್ರೇಢಿ ಕಲಿತವರು ಲೆಕ್ಕ ಹಾಕಿ: ಒಂದು ನಿಮಿಷದಲ್ಲಿ ಏಳು ಸಲ ಇಮ್ಮಡಿಯಾದರೆ 128 ಪಟ್ಟು. ಹತ್ತು ನಿಮಿಷದೊಳಗೆ, ಸೋಂಕು ತಗುಲಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದರ ವಶವಾದವು. ಅದಕ್ಕೆ ರಿಪೇರಿ ಆರು ತಿಂಗಳ ಹಿಂದೆಯೇ, 2002ರ ಜುಲೈಯಲ್ಲಿ, ಸಿದ್ಧವಾಗಿತ್ತು. ಹತ್ತು ನಿಮಿಷದ ದಾಳಿಗೆ ಆರು ತಿಂಗಳ ಕಾಲಾವಕಾಶ ಕೊಟ್ಟರೂ ನಾವು ಸಿದ್ಧರಿರಲಿಲ್ಲ ಎಂದಾಯಿತು.

59 ದಿನಗಳು

ಈ ತಡದ ಬೆಲೆ ಬರೀ ಯಂತ್ರಗಳಿಗೆ ಸೀಮಿತವಲ್ಲ ಎಂಬುದು 2017ರಲ್ಲಿ ಜಗತ್ತಿಗೆ ತಿಳಿಯಿತು. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್, ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ಕಿಂಡಿಯೊಂದಕ್ಕೆ ರಿಪೇರಿ ಕೊಟ್ಟಿತು. ಒಂದು ತಿಂಗಳ ಬಳಿಕ, ಏಪ್ರಿಲ್ 14ರಂದು, ಆ ಕಿಂಡಿಯಲ್ಲಿ ನುಗ್ಗುವ ಉಪಕರಣವನ್ನು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಬಹಿರಂಗಗೊಳಿಸಿತು. ಅದು ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿಯಿಂದ ಸೋರಿದ್ದೆಂದು ವ್ಯಾಪಕವಾಗಿ ವರದಿಯಾಯಿತು. ಮೇ 12ರ ಶುಕ್ರವಾರ ವಾನ್ನಕ್ರೈ ಎಂಬ ಹುಳು ಅದೇ ಉಪಕರಣವನ್ನು ಹಿಡಿದು ಹೊರಟಿತು. ರಿಪೇರಿ ಬಂದ ದಿನದಿಂದ ಎಣಿಸಿದರೆ 59 ದಿನ.

ಅದು ಕಂಪ್ಯೂಟರಿನಲ್ಲಿರುವ ಫೋಟೋ, ಪತ್ರ, ಲೆಕ್ಕ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ, 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಟ್ಟರೆ ಬಿಡಿಸುತ್ತೇನೆ ಎನ್ನುತ್ತಿತ್ತು. ಮೂರು ದಿನ ಕಳೆದರೆ 600 ಡಾಲರ್. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆ ಟ್ರಸ್ಟುಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ತೊಂದರೆಯಾಯಿತು. ರದ್ದಾದ ಚಿಕಿತ್ಸೆ ಮತ್ತು ಭೇಟಿಗಳು ಸುಮಾರು 19,000 ಎಂದು ಅಂದಾಜು ಮಾಡಲಾಯಿತು. ಆಂಬುಲೆನ್ಸುಗಳನ್ನು ಬೇರೆ ಆಸ್ಪತ್ರೆಗಳಿಗೆ ತಿರುಗಿಸಬೇಕಾಯಿತು. ನಮ್ಮ ನೆರೆಯಲ್ಲೇ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳಿಗೂ ಕೇರಳದ ವಯನಾಡು ಜಿಲ್ಲೆಯ ಪಂಚಾಯಿತಿ ಕಛೇರಿಯೊಂದರ ಕಂಪ್ಯೂಟರುಗಳಿಗೂ ಅದು ತಗುಲಿತು. ಮಾರ್ಕಸ್ ಹಚಿನ್ಸ್ ಎಂಬ ಇಂಗ್ಲೆಂಡಿನ ಯುವಕ ಆ ಹುಳುವಿನೊಳಗೆ ಅಡಗಿದ್ದ ಒಂದು ಅಂತರ್ಜಾಲ ವಿಳಾಸವನ್ನು ಗುರುತಿಸಿ, ಅದನ್ನು ತನ್ನ ಹೆಸರಿಗೆ ನೋಂದಾಯಿಸಿದ್ದರಿಂದ ಹರಡುವಿಕೆ ನಿಂತಿತು. ಇಲ್ಲದಿದ್ದರೆ ಹಾನಿ ಇನ್ನೂ ಹೆಚ್ಚಾಗುತ್ತಿತ್ತು.

ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7 ಕಂಪ್ಯೂಟರುಗಳು. ಅವುಗಳಿಗೆ ಮಾರ್ಚ್ ತಿಂಗಳಲ್ಲೇ ರಿಪೇರಿ ಉಚಿತವಾಗಿ ಸಿಕ್ಕುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಇಲ್ಲಿ ಬಾಗಿಲನ್ನು ಯಾರೋ ಮಾಡಿಸಿ ತಂದು ಜಗಲಿಯ ಮೇಲೆ ಇಟ್ಟು ಹೋಗಿದ್ದರು. ನಿಲ್ಲಿಸುವವರು ಮಾತ್ರ ‘ಆಮೇಲೆ’ ಎಂದರು.

ಮನೆಯ ಕಂಪ್ಯೂಟರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಇಂದಿನ ಮನೆಗಳಲ್ಲಿ ವೈಫೈ ಪೆಟ್ಟಿಗೆ, ಅಂದರೆ ರೂಟರ್, ಹೊರಗಿನಿಂದ ನೇರವಾಗಿ ನುಗ್ಗುವುದನ್ನು ಬಹಳಮಟ್ಟಿಗೆ ತಡೆಯುತ್ತದೆ ನಿಜ. ಆದರೆ ಮಗ ಅದೇ ಲ್ಯಾಪ್‌ಟಾಪನ್ನು ಹಾಸ್ಟೆಲಿನ ವೈಫೈಗೆ ಸೇರಿಸುತ್ತಾನೆ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವನ್ನು ಚುಚ್ಚುತ್ತಾನೆ. ಇಮೇಲಿನಲ್ಲಿ ಬಂದ ಕಡತವನ್ನು ತೆರೆಯುತ್ತಾನೆ. ನಮ್ಮ ಬ್ಯಾಂಕಿನ ವ್ಯವಹಾರ, ಅಂಕಪಟ್ಟಿಯ ಪ್ರತಿ, ಅಜ್ಜಿಯ ಕೊನೆಯ ಫೋಟೋ ಎಲ್ಲವೂ ಅದೇ ಯಂತ್ರದಲ್ಲಿವೆ. ಕಳ್ಳನಿಗೆ ನಮ್ಮ ಫೋಟೋ ಬೇಡ. ಅದು ನಮಗೆ ಬೇಕು ಎಂಬುದೇ ಅವನ ಬಂಡವಾಳ.

‘ಆಂಟಿವೈರಸ್ ಇದೆಯಲ್ಲ’ ಎನ್ನುವವರಿಗೂ ಒಂದು ಮಾತು. ಆಂಟಿವೈರಸ್ ಕಾವಲುಗಾರನಂತೆ, ಬರುವವರ ಮುಖ ನೋಡಿ ಗುರುತಿಸುತ್ತಾನೆ. ಗೋಡೆಯಲ್ಲಿ ಕಿಂಡಿ ಇದ್ದರೆ ಅದನ್ನು ಅವನು ಕಟ್ಟುವುದಿಲ್ಲ. ಇಬ್ಬರೂ ಬೇಕು, ಗಾರೆಯವನೂ ಬೇಕು, ಕಾವಲುಗಾರನೂ ಬೇಕು.

ಭಯಕ್ಕೂ ಕಾರಣವಿದೆ

ಅಪ್‌ಡೇಟಿನ ಬಗ್ಗೆ ಜನರಿಗಿರುವ ಅಳುಕು ಸುಳ್ಳಲ್ಲ ಎಂದು ಒಪ್ಪಬೇಕು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಹೊಸ ಆವೃತ್ತಿಯೊಂದು ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದರ ವಿತರಣೆಯನ್ನು ನಿಲ್ಲಿಸಬೇಕಾಯಿತು. ಅದೇ ವರ್ಷದ ಜನವರಿಯಲ್ಲಿ ಪ್ರೊಸೆಸರುಗಳಲ್ಲೇ ಇದ್ದ ದೋಷಗಳಿಗಾಗಿ ಕೊಟ್ಟ ರಿಪೇರಿಯಿಂದ ಕೆಲವು ಹಳೆಯ ಯಂತ್ರಗಳು ನಿಧಾನವಾಗಬಹುದೆಂದು ಆ ಸಂಸ್ಥೆಯೇ ಹೇಳಿತ್ತು. ಆದ್ದರಿಂದ ‘ನಿಧಾನವಾಗುತ್ತದಂತೆ’ ಎಂಬುದರಲ್ಲಿ ಎಳ್ಳಷ್ಟು ಸತ್ಯವಿದೆ. ಆದರೆ ಬಹಳ ಸಲ ನಿಧಾನ ಕಾಣುವುದು ಅಪ್‌ಡೇಟ್ ಇಳಿಯುತ್ತಿರುವಾಗ ಮತ್ತು ರೀಸ್ಟಾರ್ಟ್ ಆದ ಮೊದಲ ಸ್ವಲ್ಪ ಹೊತ್ತು. ಅದೂ ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ.

ಇಲ್ಲಿ ಒಂದು ವಿಂಗಡಣೆ ತಿಳಿದಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಅಪ್‌ಡೇಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಪ್ರತಿ ತಿಂಗಳ ಭದ್ರತೆಯ ಅಪ್‌ಡೇಟ್. ಇದು ಸೋರುವ ಹೆಂಚನ್ನು ಬದಲಿಸಿದಂತೆ, ತಡಮಾಡಬಾರದು. ಇನ್ನೊಂದು, ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ, ಅಂದರೆ ಫೀಚರ್ ಅಪ್‌ಡೇಟ್. ಇದು ಮನೆಗೆ ಹೊಸ ಕೋಣೆ ಕಟ್ಟಿದಂತೆ. ಕೆಲವು ವಾರ ಕಾದು, ಬೇರೆಯವರ ಅನುಭವ ನೋಡಿ ಹಾಕಿಕೊಂಡರೆ ನಷ್ಟವಿಲ್ಲ. ಆದರೆ ಒಂದೊಂದು ಆವೃತ್ತಿಗೂ ಆಯುಸ್ಸು ಇರುವುದರಿಂದ ವರ್ಷಗಟ್ಟಲೆ ಮುಂದೂಡುವಂತಿಲ್ಲ.

ಭದ್ರತೆಯ ಅಪ್‌ಡೇಟಿಗೆ ಒಂದು ಪಂಚಾಂಗವೂ ಇದೆ. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಇದಕ್ಕೆ ತಿಂಗಳ ಎರಡನೆಯ ಮಂಗಳವಾರವನ್ನು ಗೊತ್ತುಮಾಡಿದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ನಮ್ಮಲ್ಲಿ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಾದರೆ ಹನ್ನೊಂದೂವರೆ. ಹಾಗಾಗಿ ನಮ್ಮ ಮನೆಗಳಿಗೆ ಅದು ಬುಧವಾರದ ನೆಂಟ. ತುರ್ತಿನ ರಿಪೇರಿಗಳು ನಡುವೆಯೂ ಬರುವುದುಂಟು. ರಿಪೇರಿ ಬರುವ ಮೊದಲೇ ಕಳ್ಳರಿಗೆ ಗೊತ್ತಾಗಿಬಿಟ್ಟ ಕಿಂಡಿಗಳೂ ಇರುತ್ತವೆ. ಅಂಥವಕ್ಕೆ ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳುವುದು ಲೇಸು.

ಮನೆಯಲ್ಲಿ ಮಾಡಬೇಕಾದದ್ದು

1. ಮೊದಲು ಸ್ಥಿತಿ ನೋಡಿ. ವಿಂಡೋಸ್ 11 ಆದರೆ ಸ್ಟಾರ್ಟ್ ಒತ್ತಿ, ಸೆಟ್ಟಿಂಗ್ಸ್ ತೆರೆದು, ‘ವಿಂಡೋಸ್ ಅಪ್‌ಡೇಟ್’ ಎಂಬಲ್ಲಿಗೆ ಹೋಗಿ. ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ಅಲ್ಲಿಯೇ ಇರುವ ‘ಅಪ್‌ಡೇಟ್ ಹಿಸ್ಟರಿ’ಯಲ್ಲಿ ಕೊನೆಯ ಅಪ್‌ಡೇಟ್ ಯಾವ ತಾರೀಖಿನಂದು ಸೇರಿದೆ ಎಂದು ನೋಡಬಹುದು. ಎರಡು ತಿಂಗಳಿಗಿಂತ ಹಳೆಯ ತಾರೀಖು ಇದ್ದರೆ ಏನೋ ತಡೆಯಿದೆ ಎಂದು ತಿಳಿಯಿರಿ. ಅಂಗಡಿಯವರು ಬಂದ್ ಮಾಡಿದ್ದರೆ ಅವರಿಂದಲೇ ತೆರೆಸಿಕೊಳ್ಳಿ. ಅಂಗಡಿಯವನಿಗೆ ದೂರುಗಳು ಬಾರದಿರಲೆಂದು ನಮ್ಮ ಬಾಗಿಲು ತೆರೆದಿರಬೇಕಾಗಿಲ್ಲ.

2. ತಪ್ಪಿಹೋದ ತಿಂಗಳುಗಳ ಬಗ್ಗೆ ಹೆದರಬೇಡಿ. ಪ್ರತಿ ತಿಂಗಳ ಅಪ್‌ಡೇಟಿನಲ್ಲಿ ಹಿಂದಿನ ತಿಂಗಳುಗಳ ರಿಪೇರಿಯೂ ಕೂಡಿರುತ್ತದೆ. ಐದು ತಿಂಗಳು ಬಿಟ್ಟಿದ್ದರೂ ಸಾಮಾನ್ಯವಾಗಿ ಐದು ಸಲ ಹಾಕಬೇಕಾಗಿಲ್ಲ. ಇತ್ತೀಚಿನದೊಂದನ್ನು ಹಾಕಿದರೆ ಸಾಕು.

3. ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಬಳಸುವ ಮನೆಗಳು ಒಂದನ್ನು ಗಮನಿಸಬೇಕು. ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತು ಹಾಕಿದ್ದರೆ, ಡೇಟಾ ಉಳಿಸಲೆಂದು ವಿಂಡೋಸ್ ದೊಡ್ಡ ಅಪ್‌ಡೇಟುಗಳನ್ನು ಇಳಿಸಿಕೊಳ್ಳದೆ ಕಾಯುತ್ತದೆ. ಬೇರೆ ಸಂಪರ್ಕ ಸಿಗದ ಮನೆಯಲ್ಲಿ ಈ ಕಾಯುವಿಕೆ ತಿಂಗಳುಗಟ್ಟಲೆ ನಡೆದೀತು. ಒಂದು ಅಪ್‌ಡೇಟ್ ಕೆಲವು ನೂರು ಎಂಬಿಯಿಂದ ಒಂದು ಜಿಬಿಗೂ ಮಿಗಿಲಾಗಿರಬಹುದು. ದಿನಕ್ಕಿಷ್ಟು ಡೇಟಾ ಎಂಬ ಪ್ಯಾಕ್ ಇರುವವರು ರಾತ್ರಿ ಉಳಿದ ಡೇಟಾವನ್ನು ತಿಂಗಳಿಗೊಮ್ಮೆ ಇದಕ್ಕೆಂದು ಮೀಸಲಿಟ್ಟು, ತಾವೇ ‘ಡೌನ್‌ಲೋಡ್’ ಒತ್ತಬೇಕು.

4. ಕರೆಂಟಿನ ವಿಚಾರ. ಅಪ್‌ಡೇಟ್ ಕುಳಿತುಕೊಳ್ಳುತ್ತಿರುವಾಗ ಕರೆಂಟು ಹೋದರೆ ಬಹಳ ಸಲ ವಿಂಡೋಸ್ ಹಳೆಯ ಸ್ಥಿತಿಗೆ ಹಿಂದಿರುಗುತ್ತದೆ. ಆದರೂ ಕೆಲವೊಮ್ಮೆ ಕೆಡುವುದುಂಟು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸೇರಿಸಿಯೇ ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಲೋಡ್ ಶೆಡ್ಡಿಂಗಿನ ಹೊತ್ತು ಬೇಡ. ಗುಡುಗು ಸಿಡಿಲಿನ ಸಂಜೆಯಂತೂ ಬೇಡವೇ ಬೇಡ. ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂದು ಪರದೆಯ ಮೇಲೆ ಬರೆದಿರುವಾಗ ಬೇಸರಪಟ್ಟು ಪವರ್ ಬಟನ್ ಅದುಮಬೇಡಿ.

5. ರೀಸ್ಟಾರ್ಟ್ ಆಗುವವರೆಗೆ ರಿಪೇರಿ ಪೂರ್ತಿಯಾಗುವುದಿಲ್ಲ. ಓಡುತ್ತಿರುವ ಬಸ್ಸಿನ ಚಕ್ರ ಬದಲಾಯಿಸಲು ಆಗುವುದಿಲ್ಲವಷ್ಟೆ? ಬಳಕೆಯಲ್ಲಿರುವ ಕಡತಗಳ ಕಥೆಯೂ ಹಾಗೆ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಅದು ಮಲಗುತ್ತದೆಯೇ ಹೊರತು ರೀಸ್ಟಾರ್ಟ್ ಆಗುವುದಿಲ್ಲ. ವಾರಕ್ಕೊಮ್ಮೆಯಾದರೂ ಪವರ್ ಮೆನುವಿನಲ್ಲಿ ‘ರೀಸ್ಟಾರ್ಟ್’ ಎಂಬುದನ್ನೇ ಆರಿಸಿ. ‘ಆಕ್ಟಿವ್ ಅವರ್ಸ್’ ಎಂಬಲ್ಲಿ ನೀವು ಕೆಲಸ ಮಾಡುವ ವೇಳೆಯನ್ನು ತುಂಬಿದರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

6. ಪರೀಕ್ಷೆಯ ದಿನಗಳು. ಆನ್‌ಲೈನ್ ಪರೀಕ್ಷೆ ಅಥವಾ ಅರ್ಜಿ ತುಂಬುವ ಕೊನೆಯ ದಿನವಿದ್ದರೆ ‘ಪಾಸ್ ಅಪ್‌ಡೇಟ್ಸ್’ ಒತ್ತಿ ಒಂದು ವಾರ ತಡೆಹಿಡಿಯಬಹುದು. ಅದಕ್ಕೂ ಮುಂಚಿನ ಭಾನುವಾರ ಅಪ್‌ಡೇಟ್ ಮುಗಿಸಿಕೊಂಡರೆ ಇನ್ನೂ ಉತ್ತಮ. ತಡೆಹಿಡಿದವರು ಮತ್ತೆ ತೆರೆಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು.

7. ಮೊದಲು ನಕಲು, ಆಮೇಲೆ ಅಪ್‌ಡೇಟ್. ಮುಖ್ಯ ಕಡತಗಳನ್ನೂ ಫೋಟೋಗಳನ್ನೂ ತಿಂಗಳಿಗೊಮ್ಮೆ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದನ್ನು ಕಳಚಿ ಬೀರುವಿನಲ್ಲಿ ಇಡಿ. ಸದಾ ಚುಚ್ಚಿಯೇ ಇಟ್ಟರೆ ವಾನ್ನಕ್ರೈಯಂಥ ಹುಳು ಅದನ್ನೂ ಬಿಡುವುದಿಲ್ಲ. ಅಪ್‌ಡೇಟಿನಿಂದಲೇ ತೊಂದರೆಯಾದರೆ ‘ಅಪ್‌ಡೇಟ್ ಹಿಸ್ಟರಿ’ಯ ಕೆಳಗಿರುವ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಮೂಲಕ ಸಾಮಾನ್ಯವಾಗಿ ಅದನ್ನು ತೆಗೆಯಬಹುದು.

ನಕಲಿ ಅಪ್‌ಡೇಟಿನ ಬಗ್ಗೆ ಎಚ್ಚರ

ಅಪ್‌ಡೇಟ್ ಒಳ್ಳೆಯದು ಎಂದು ಹೇಳಿದ ಮೇಲೆ ಇದನ್ನೂ ಹೇಳದಿದ್ದರೆ ನನ್ನ ಪಾಠ ಅಪೂರ್ಣ. ಸಿನಿಮಾ ಹುಡುಕುತ್ತಲೋ ಹಾಡು ಹುಡುಕುತ್ತಲೋ ಯಾವುದೋ ತಾಣಕ್ಕೆ ಹೋದಾಗ, ‘ನಿಮ್ಮ ವಿಂಡೋಸ್ ಹಳೆಯದಾಗಿದೆ, ಇಲ್ಲಿ ಒತ್ತಿ’ ಎಂಬ ಫಲಕ ಪರದೆ ತುಂಬ ಬರಬಹುದು. ಅಥವಾ ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎನ್ನಬಹುದು. ಇವು ಮೋಸ. ವಿಂಡೋಸಿನ ನಿಜವಾದ ಅಪ್‌ಡೇಟ್ ಬರುವುದು ಸೆಟ್ಟಿಂಗ್ಸಿನೊಳಗೆ. ಜಾಲತಾಣದ ಪುಟದಲ್ಲಲ್ಲ, ಇಮೇಲಿನಲ್ಲಲ್ಲ, ವಾಟ್ಸ್ಆಪಿನಲ್ಲಲ್ಲ. ಮೈಕ್ರೋಸಾಫ್ಟಿನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಅನುಮಾನ ಬಂದರೆ ಬ್ರೌಸರನ್ನು ಮುಚ್ಚಿ, ಸೆಟ್ಟಿಂಗ್ಸಿಗೆ ನೀವೇ ಹೋಗಿ ನೋಡಿ. ಹಣ ಕಳೆದುಕೊಂಡವರು ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ವಯಸ್ಸಾದ ಯಂತ್ರಗಳು

ಒಂದು ಕಾಲಕ್ಕೆ ರಿಪೇರಿ ಬರುವುದೇ ನಿಂತುಹೋಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿನ ಸೇವೆ ಮುಗಿಯಿತು. ಮನೆಬಳಕೆಯ ವಿಂಡೋಸ್ 10 ಕಂಪ್ಯೂಟರುಗಳಿಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ ಕೊಡುವ ಏರ್ಪಾಡನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಅದು ವಾಯಿದೆಯೇ ಹೊರತು ಪರಿಹಾರವಲ್ಲ.

ಸೇವೆ ಮುಗಿದ ಕಂಪ್ಯೂಟರ್ ಎಂದಿನಂತೆಯೇ ಓಡುತ್ತದೆ; ಅದೇ ಅದರ ಮೋಸ. ಅದರಲ್ಲಿ ಹೊಸದಾಗಿ ಕಾಣುವ ಕಿಂಡಿಗಳು ಮುಚ್ಚದೆಯೇ ಉಳಿಯುತ್ತವೆ. ವಿಂಡೋಸ್ 11ಕ್ಕೆ ಏರಿಸಬಹುದೇ ಎಂದು ನೋಡಿ. ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಒಪ್ಪಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಆಗದಿದ್ದರೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ವ್ಯವಸ್ಥೆಗಳಿವೆ. ಹಣ ಕೊಡಬೇಕಾಗಿಲ್ಲ, ಕನ್ನಡ ಬರೆಯುವ ಅನುಕೂಲವೂ ಇದೆ. ಅವುಗಳಿಗೂ ಅಪ್‌ಡೇಟ್ ಬೇಕು ಎಂಬುದನ್ನು ಮರೆಯಬಾರದು. ಎರಡೂ ಆಗದೆಂದರೆ ಆ ಹಳೆಯ ಯಂತ್ರದಲ್ಲಿ ಇಂಟರ್ನೆಟ್ ಸಂಪರ್ಕ ತೆಗೆದು, ಟೈಪಿಂಗಿಗೋ ಗಣಿತದ ಅಭ್ಯಾಸಕ್ಕೋ ಇಟ್ಟುಕೊಳ್ಳಿ. ಬ್ಯಾಂಕಿನ ಕೆಲಸವಂತೂ ಅದರಲ್ಲಿ ಬೇಡ.

ಈ ವಾರದ ಅಭ್ಯಾಸ

ವಿದ್ಯಾರ್ಥಿಗಳಿಗೆ ಮನೆಗೆಲಸವಿದೆ. ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಅಪ್‌ಡೇಟ್ ಹಿಸ್ಟರಿ’ ತೆರೆದು, ಕೊನೆಯ ಭದ್ರತೆಯ ಅಪ್‌ಡೇಟಿನ ತಾರೀಖನ್ನು ಬರೆದುಕೊಳ್ಳಿ. ಆ ತಾರೀಖಿನಿಂದ ಇಂದಿಗೆ ಎಷ್ಟು ದಿನವಾಯಿತು ಎಂದು ಎಣಿಸಿ. ಬಂದ ಸಂಖ್ಯೆಯನ್ನು ಬ್ಲಾಸ್ಟರಿನ 26 ಮತ್ತು ವಾನ್ನಕ್ರೈಯ 59ರ ಪಕ್ಕದಲ್ಲಿ ಬರೆಯಿರಿ. 26ಕ್ಕಿಂತ ಬಹಳ ದೊಡ್ಡದಾಗಿದ್ದರೆ ಈ ಭಾನುವಾರವೇ ಅಪ್‌ಡೇಟ್ ಹಾಕಿಕೊಳ್ಳಿ. ಬಳಿಕ ಕ್ಯಾಲೆಂಡರಿನಲ್ಲಿ ಮುಂದಿನ ಹನ್ನೆರಡು ತಿಂಗಳ ಎರಡನೆಯ ಮಂಗಳವಾರಗಳನ್ನು ಗುರುತಿಸಿ, ಅವುಗಳ ಮರುದಿನದ ಬುಧವಾರಕ್ಕೆ ಒಂದು ಸುತ್ತು ಹಾಕಿ. ತಿಂಗಳ ಎರಡನೆಯ ಬುಧವಾರ ಎಂದು ಕಣ್ಣುಮುಚ್ಚಿ ಗುರುತು ಹಾಕಬೇಡಿ. ತಿಂಗಳ ಮೊದಲ ದಿನವೇ ಬುಧವಾರವಾದರೆ ಎರಡನೆಯ ಮಂಗಳವಾರದ ಮರುದಿನ ಮೂರನೆಯ ಬುಧವಾರವಾಗಿಬಿಡುತ್ತದೆ. ಏಕೆಂದು ಯೋಚಿಸಿ ನೋಡಿ.